ಠಾಣೆಗೆ ಹೋಗುವ ಮೊದಲು, ಹೋದ ಮೇಲೆ: ಮಲೆನಾಡಿನವರಿಗೆ ಕ್ರಿಮಿನಲ್ ಕೇಸಿನ ಕೈಪಿಡಿ

ಕ್ರಿಮಿನಲ್ ಕೇಸು ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಮೊದಲ ದಿನ ಠಾಣೆಯಲ್ಲಿ ಬರೆದುಕೊಟ್ಟ ಒಂದೂವರೆ ಪುಟದಿಂದ. ಎರಡು ಮೂರು ವರ್ಷ ಕಳೆದು ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಎದುರು ವಕೀಲರು ಕೈಗೆತ್ತಿಕೊಳ್ಳುವುದು ಅದೇ ಕಾಗದವನ್ನು. ಅಡಿಕೆ ಕಳವು, ಬೇಲಿ ಜಗಳ, ಜಮೀನಿನ ದಾರಿ ತಕರಾರು, ಅರಣ್ಯ ಇಲಾಖೆಯ ಕೇಸು ಇವು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಜನ ಠಾಣೆ, ಕೋರ್ಟು ಹತ್ತುವ ಸಾಮಾನ್ಯ ಕಾರಣಗಳು. ಉದಾಹರಣೆಗಳನ್ನು ಅವುಗಳಿಂದಲೇ ತೆಗೆದುಕೊಂಡಿದೆ.

2024ರ ಜುಲೈ 1ರಿಂದ ಮೂರು ಹೊಸ ಕಾನೂನುಗಳು ಜಾರಿಯಲ್ಲಿವೆ. ಯಾವುದು ಅಪರಾಧ, ಶಿಕ್ಷೆ ಎಷ್ಟು ಎಂಬುದು ಭಾರತೀಯ ನ್ಯಾಯ ಸಂಹಿತೆಯಲ್ಲಿದೆ (ಬಿಎನ್‌ಎಸ್). ದೂರು, ಬಂಧನ, ಜಾಮೀನು, ವಿಚಾರಣೆಯ ಕ್ರಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ (ಬಿಎನ್‌ಎಸ್‌ಎಸ್). ಸಾಕ್ಷ್ಯದ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿದೆ. ಆ ದಿನಕ್ಕೂ ಮೊದಲು ನಡೆದ ಕೃತ್ಯಕ್ಕೆ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆ) ಕಲಮುಗಳೇ ಅನ್ವಯ. ಹಾಗಾಗಿ ಎರಡು ಬಗೆಯ ನಂಬರುಗಳೂ ಇನ್ನೂ ಕೆಲವು ವರ್ಷ ಕೋರ್ಟಿನ ಹಜಾರದಲ್ಲಿ ಕೇಳಿಬರುತ್ತವೆ.

ಪೊಲೀಸರು ತಾವೇ ತನಿಖೆ ಮಾಡಬಹುದಾದ ಕೇಸು ಯಾವುದು

ಅಪರಾಧಗಳಲ್ಲಿ ಸಂಜ್ಞೇಯ, ಅಸಂಜ್ಞೇಯ ಎಂದು ಎರಡು ಬಗೆ. ಸಂಜ್ಞೇಯವಾದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು, ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡಬಹುದು. ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಖಚಿತಪಡಿಸಿದೆ. ಹೊಸ ಕಾನೂನು ಒಂದು ಸಡಿಲಿಕೆ ಕೊಟ್ಟಿದೆ: ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ‘ನೋಡೋಣ, ವಿಚಾರಿಸ್ತೀವಿ’ ಎಂದು ಕಳಿಸಿದರೆ ಈ 14 ದಿನದ ಲೆಕ್ಕ ನಿಮ್ಮ ತಲೆಯಲ್ಲಿರಲಿ.

ಅಸಂಜ್ಞೇಯವಾದರೆ ಪುಸ್ತಕದಲ್ಲಿ ಬರೆದುಕೊಂಡು ‘ಎನ್‌ಸಿ’ ಹಿಂಬರಹ ಕೊಡುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆ ಇಲ್ಲ. ಬರೀ ಕೈಯಲ್ಲಿ ಹೊಡೆದು ಸಣ್ಣ ಗಾಯ ಮಾಡಿದ್ದು (ಬಿಎನ್‌ಎಸ್ ಕಲಂ 115(2)), ಕೆರಳಿಸುವಂತೆ ಬೈದದ್ದು (352) ಈ ವರ್ಗಕ್ಕೆ ಸೇರುತ್ತವೆ. ಆದರೆ ಅದೇ ಗಲಾಟೆಯಲ್ಲಿ ಒಂದೇ ಒಂದು ಸಂಜ್ಞೇಯ ಅಪರಾಧ ಇದ್ದರೂ ಇಡೀ ಕೇಸು ಸಂಜ್ಞೇಯ ಎಂದೇ ನಡೆಯುತ್ತದೆ. ದಾರಿಗೆ ಅಡ್ಡ ನಿಂತು ಮುಂದೆ ಹೋಗದಂತೆ ತಡೆದಿದ್ದರೆ ಅದು 126(2), ಸಂಜ್ಞೇಯ. ತೋಟದ ದಾರಿಯ ಜಗಳಗಳಲ್ಲಿ ಇದು ನಡೆದೇ ಇರುತ್ತದೆ. ದೂರುದಾರರು ಬೈಗುಳವನ್ನು ಅರ್ಧ ಪುಟ ಬರೆದು, ತಡೆದದ್ದನ್ನು ಬರೆಯಲು ಮರೆಯುತ್ತಾರೆ. ನಡೆಯದೇ ಇದ್ದುದನ್ನು ಸೇರಿಸಬೇಡಿ, ಪಾಟೀ ಸವಾಲಿನಲ್ಲಿ (ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ) ಅದೇ ಮೊದಲು ಹೊರಬೀಳುತ್ತದೆ.

ಎನ್‌ಸಿ ಕೇಸಿನಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಕೇಳುವಾಗ ಕಾರಣ ಸಹಿತ ಆದೇಶ ಬರುವಂತೆ ನೋಡಿಕೊಳ್ಳಬೇಕು. ಬರೀ ‘ಅನುಮತಿಸಿದೆ’ ಎಂಬ ಒಂದು ಪದದ ಆದೇಶದ ಮೇಲೆ ನಡೆದ ತನಿಖೆಗಳನ್ನು ಕರ್ನಾಟಕ ಹೈಕೋರ್ಟ್ ಹಲವು ಬಾರಿ ರದ್ದುಪಡಿಸಿದೆ.

ಕಳ್ಳತನದಲ್ಲಿ ಹೊಸದಾಗಿ ಬಂದ ಒಂದು ಗಡಿ ಅಡಿಕೆ ಬೆಳೆಗಾರರಿಗೆ ತಿಳಿದಿರಬೇಕು. ಸಾದಾ ಕಳ್ಳತನಕ್ಕೆ (303(2)) ಮೂರು ವರ್ಷದವರೆಗೆ ಶಿಕ್ಷೆ ಇದೆ, ಅದು ಸಂಜ್ಞೇಯ. ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಕದ್ದವನಿಗೆ ಅದು ಮೊದಲ ಅಪರಾಧವಾಗಿದ್ದು, ಮಾಲು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಮಾತ್ರ. ಆ ವರ್ಗವನ್ನು ಕಾನೂನು ಅಸಂಜ್ಞೇಯ ಎಂದು ಇಟ್ಟಿದೆ. ಕ್ವಿಂಟಲಿಗೆ 50,000 ದರ ಇದ್ದರೆ ಹತ್ತು ಕೆ.ಜಿ. ಒಣ ಅಡಿಕೆಗೇ 5,000 ಆಗುತ್ತದೆ. ಆದ್ದರಿಂದ ‘ಸ್ವಲ್ಪ ಅಡಿಕೆ ಹೋಗಿದೆ’ ಎಂದು ಬರೆದರೆ ಕೇಸು ಎನ್‌ಸಿ ಪುಸ್ತಕದಲ್ಲಿ ಮಲಗುತ್ತದೆ. ತೂಕ, ಬಗೆ, ದರ ಬರೆದರೆ ಎಫ್‌ಐಆರ್ ಆಗುತ್ತದೆ. ಮನೆಯೊಳಗಿಂದ ಅಥವಾ ಮಾಲು ಇಡಲೆಂದೇ ಇರುವ ಕಟ್ಟಡದೊಳಗಿಂದ ಕದ್ದರೆ ಕಲಂ 305, ಏಳು ವರ್ಷದವರೆಗೆ. ರಾತ್ರಿ ಬೀಗ ಒಡೆದು ನುಗ್ಗಿದ್ದರೆ 331 ಕೂಡ ಸೇರುತ್ತದೆ. ಅಲ್ಲಿ ಬೆಲೆಯ ಮಿತಿ ಅಡ್ಡ ಬರುವುದಿಲ್ಲ. ಅಂಗಳದ ಚಪ್ಪರದಲ್ಲಿ ಒಣಗಲು ಹಾಕಿದ್ದು ಹೋದರೆ ಯಾವ ಕಲಂ ಎಂಬುದು ಆ ಜಾಗದ ವಿವರದ ಮೇಲೆ ನಿಂತಿದೆ. ಮರದಿಂದಲೇ ಗೊನೆ ಇಳಿಸಿಕೊಂಡು ಹೋದರೂ ಕಳ್ಳತನವೇ: ಮರದಲ್ಲಿದ್ದಾಗ ಅದು ನೆಲಕ್ಕೆ ಸೇರಿದ ಸ್ವತ್ತು, ಕೊಯ್ದ ಕ್ಷಣಕ್ಕೆ ಚರಸ್ವತ್ತಾಗುತ್ತದೆ.

ಚೇಣಿ (ಫಸಲಿನ ಗುತ್ತಿಗೆ) ಕೊಟ್ಟ ತೋಟದ ಹಣ ಬರಲಿಲ್ಲ ಎಂಬ ದೂರನ್ನು ಠಾಣೆಯವರು ‘ಇದು ಸಿವಿಲ್’ ಎಂದು ತಿರುಗಿಸಿದರೆ ಬಹುಪಾಲು ಸರಿಯೇ. ಮಾತಿಗೆ ತಪ್ಪಿದ್ದೆಲ್ಲ ವಂಚನೆಯಾಗುವುದಿಲ್ಲ. ಒಪ್ಪಂದ ಮಾಡುವಾಗಲೇ ಮೋಸದ ಉದ್ದೇಶ ಇತ್ತೆಂದು ತೋರಿಸುವ ಸಂಗತಿ ಇರಬೇಕು: ಸುಳ್ಳು ಹೆಸರು, ಬೇರೆಯವರ ಖಾತೆಯ ಚೆಕ್ಕು, ಅದೇ ವಾರ ಇನ್ನೂ ನಾಲ್ಕು ಮನೆಗೆ ಹೀಗೇ ಮಾಡಿದ್ದು.

ದೂರು ಬರೆಯುವುದು

112ಕ್ಕೆ ಮಾಡಿದ ಕರೆಯನ್ನು ಸಾಮಾನ್ಯವಾಗಿ ಎಫ್‌ಐಆರ್ ಎಂದು ಪರಿಗಣಿಸುವುದಿಲ್ಲ. ಆದರೆ ಕರೆಯ ಸಮಯ ದಾಖಲಾಗುತ್ತದೆ, ಮುಂದೆ ‘ದೂರು ತಡವಾಗಿದೆ’ ಎಂಬ ವಾದಕ್ಕೆ ಉತ್ತರವಾಗುತ್ತದೆ. ಹಾಗಾಗಿ ಕರೆ ಮಾಡಿ, ಆಮೇಲೆ ಠಾಣೆಗೆ ಹೋಗಿ. ಬಾಯಲ್ಲಿ ಹೇಳಿದರೂ ಠಾಣಾಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು. ಮನೆಯಲ್ಲೇ ಶಾಂತವಾಗಿ ಬರೆದುಕೊಂಡು ಹೋಗುವುದು ಮೇಲು. ಠಾಣೆಯ ರೈಟರ್ (ದೂರು ಬರೆದುಕೊಳ್ಳುವ ಸಿಬ್ಬಂದಿ) ತಮ್ಮ ರೂಢಿಯ ಭಾಷೆಯಲ್ಲಿ ಬರೆದಾಗ ‘ಅವಾಚ್ಯ ಶಬ್ದಗಳಿಂದ ನಿಂದಿಸಿ, ಕೈಯಿಂದ ಹೊಡೆದು, ಜೀವ ಬೆದರಿಕೆ ಹಾಕಿರುತ್ತಾರೆ’ ಎಂದು ಎಲ್ಲ ದೂರುಗಳೂ ಒಂದೇ ತರಹ ಆಗಿಬಿಡುತ್ತವೆ.

ಕಳವಿನ ದೂರಿನ ಮುಖ್ಯ ಭಾಗ ಹೀಗಿರಲಿ:

‘ನಮ್ಮ ಮನೆಯ ಪೂರ್ವಕ್ಕೆ ಸುಮಾರು 20 ಅಡಿ ದೂರದಲ್ಲಿ ಬೀಗ ಹಾಕುವ ಅಡಿಕೆ ಗೋದಾಮು ಇದೆ. ದಿನಾಂಕ ____ರ ರಾತ್ರಿ ಸುಮಾರು 10 ಗಂಟೆಗೆ ನಾನೇ ಬೀಗ ಹಾಕಿದ್ದೆ. ಮರುದಿನ ಬೆಳಿಗ್ಗೆ ಸುಮಾರು 6 ಗಂಟೆಗೆ ನನ್ನ ಹೆಂಡತಿ ನೋಡಿದಾಗ ಬೀಗ ಮುರಿದಿತ್ತು. ಒಳಗಿದ್ದ 7 ಚೀಲಗಳಲ್ಲಿ 3 ಇರಲಿಲ್ಲ. ಪ್ರತಿ ಚೀಲದಲ್ಲಿ ಸುಮಾರು 65 ಕೆ.ಜಿ. ಒಣಗಿದ ರಾಶಿ ಅಡಿಕೆ ಇತ್ತು. ಚೀಲಗಳ ಮೇಲೆ ಹಸಿರು ಬಣ್ಣದಲ್ಲಿ ಗುರುತು ಇದೆ. ಆ ದಿನದ ಮಾರುಕಟ್ಟೆ ದರದಂತೆ ಬೆಲೆ ರೂ. ____. ಕದ್ದವರು ಯಾರೆಂದು ನನಗೆ ತಿಳಿದಿಲ್ಲ.’

ಹಸಿಯೋ ಒಣಗಿದ್ದೋ, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂಬುದನ್ನು ಬಿಡಬೇಡಿ. ಬೆಲೆ ಅದರ ಮೇಲೇ ನಿಂತಿದೆ. ದರಕ್ಕೆ ಆ ದಿನದ ಪತ್ರಿಕೆಯ ಎಪಿಎಂಸಿ ಧಾರಣೆಯ ತುಣುಕು ಅಥವಾ ನಿಮ್ಮದೇ ಹಿಂದಿನ ಮಾರಾಟದ ಪಟ್ಟಿ ಜೊತೆಗಿಡಿ. ಯಾರ ಮೇಲಾದರೂ ಅನುಮಾನ ಇದ್ದರೆ ‘ಅನುಮಾನ ಇದೆ, ಕಾರಣ ಇದು’ ಎಂದೇ ಬರೆಯಿರಿ. ‘ಇಂಥವನೇ ಕದ್ದಿದ್ದಾನೆ’ ಎಂದು ಬರೆದು, ಕೋರ್ಟಿನಲ್ಲಿ ‘ನೋಡಿಲ್ಲ’ ಎಂದರೆ ಉಳಿದ ಮಾತುಗಳ ಬೆಲೆಯೂ ಹೋಗುತ್ತದೆ.

ಹೊಡೆದಾಟದ ದೂರಿಗೆ ಬೇರೆ ಎಚ್ಚರ ಬೇಕು. ಯಾರು, ಯಾವುದರಿಂದ, ದೇಹದ ಯಾವ ಭಾಗಕ್ಕೆ, ಎಷ್ಟು ಏಟು ಎಂದು ಒಬ್ಬೊಬ್ಬರದ್ದೂ ಬೇರೆ ಬರೆಯಬೇಕು. ‘ಎಲ್ಲರೂ ಸೇರಿ ಹೊಡೆದರು’ ಎಂದು ಎದುರು ಮನೆಯ ಅಜ್ಜಿಯಿಂದ ಕಾಲೇಜಿಗೆ ಹೋಗುವ ಹುಡುಗನವರೆಗೆ ಏಳು ಜನರ ಹೆಸರು ಹಾಕುವುದು ನಮ್ಮ ಕಡೆಯ ದೊಡ್ಡ ರೋಗ. ಅದರಿಂದ ನಿಜವಾಗಿ ಹೊಡೆದವನೇ ತಪ್ಪಿಸಿಕೊಳ್ಳುತ್ತಾನೆ. ಕತ್ತಿ ಬೀಸಿದ್ದರೆ ಬಾಯಿ ಕಡೆಯಿಂದಲೋ ಬೆನ್ನಿನಿಂದಲೋ ಎಂಬುದೂ ಮುಖ್ಯ. ಕತ್ತಿಯ ಬೆನ್ನಿನಿಂದ ಬಿದ್ದರೆ ಕಂದು ಗಾಯ, ಬಾಯಿಂದ ಬಿದ್ದರೆ ಕೊಯ್ದ ಗಾಯ. ದೂರಿನಲ್ಲಿ ‘ಕತ್ತಿಯಿಂದ ಕಡಿದನು’ ಎಂದಿದ್ದು, ಗಾಯದ ಪ್ರಮಾಣಪತ್ರದಲ್ಲಿ ಬರೀ ಊತ ಎಂದಿದ್ದರೆ ಎದುರು ವಕೀಲರಿಗೆ ಬೇರೇನೂ ಬೇಡ.

ಆಸ್ಪತ್ರೆಯ ಮಾತೂ ಇಲ್ಲೇ ಬರುತ್ತದೆ. ತಾಲ್ಲೂಕು ಆಸ್ಪತ್ರೆಗಾಗಲಿ ಶಿವಮೊಗ್ಗದ ಮೆಗ್ಗಾನ್‌ಗಾಗಲಿ ಹೋದಾಗ ‘ಹೇಗಾಯ್ತು’ ಎಂದು ವೈದ್ಯರು ಕೇಳಿ ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯಗಳ) ಪುಸ್ತಕದಲ್ಲಿ ಬರೆಯುತ್ತಾರೆ. ನಾಚಿಕೆಗೋ, ಮುಂದೆ ಯಾಕೆ ರಗಳೆ ಎಂದೋ ‘ಬೈಕಿನಿಂದ ಬಿದ್ದೆ’ ಎಂದರೆ ಆ ಸಾಲು ಕೊನೆವರೆಗೂ ಬೆನ್ನು ಬಿಡುವುದಿಲ್ಲ. ಯಾರಿಂದ, ಯಾವುದರಿಂದ ಪೆಟ್ಟಾಯಿತು ಎಂದು ಅಲ್ಲಿಯೇ ಹೇಳಿ. ಮೂಳೆ ಮುರಿತದ ಅನುಮಾನ ಇದ್ದರೆ ಎಕ್ಸ್‌ರೇ ಫಿಲ್ಮನ್ನೂ ವರದಿಯನ್ನೂ ಇಟ್ಟುಕೊಳ್ಳಿ. ಮೂಳೆ ಅಥವಾ ಹಲ್ಲು ಮುರಿದರೆ, 15 ದಿನ ತೀವ್ರ ನೋವು ಇದ್ದರೆ ಅಥವಾ ಅಷ್ಟು ದಿನ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಗಾಯ, ಏಳು ವರ್ಷದವರೆಗಿನ ಶಿಕ್ಷೆಯ ಕಲಂ 117(2). ಹಳೆಯ ಕಾನೂನಿನಲ್ಲಿ ಈ ಅವಧಿ 20 ದಿನ ಇತ್ತು.

ಎಫ್‌ಐಆರ್ ಪ್ರತಿ ದೂರುದಾರರಿಗೆ ಅಥವಾ ನೊಂದವರಿಗೆ ಉಚಿತ, ಕೇಳಿ ಪಡೆಯಿರಿ. ಅಪರಾಧ ಸಂಖ್ಯೆ, ದೂರು ಬಂದ ಸಮಯ, ಹಾಕಿದ ಕಲಮುಗಳು ಈ ಮೂರನ್ನು ಅಲ್ಲಿಯೇ ನೋಡಿ. ಘಟನೆ ಆಗುಂಬೆ ಘಾಟಿಯ ಯಾವ ಬದಿಯಲ್ಲಿ ನಡೆದಿದ್ದರೂ ‘ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ. ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಆಗಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ವರ್ಗವಾಗುತ್ತದೆ. ಆನ್‌ಲೈನಿನಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಮಳೆಗಾಲದಲ್ಲಿ ದಾರಿ ಕಡಿದು ಎರಡು ದಿನ ತಡವಾಗಿದ್ದರೆ, ತಡವಾದ ಕಾರಣವನ್ನು ದೂರಿನಲ್ಲೇ ಒಂದು ಸಾಲು ಬರೆಯಿರಿ. ವಿವರಣೆ ಇಲ್ಲದ ತಡ ಕೇಸಿಗೆ ಹೊಡೆತ, ವಿವರಣೆ ಇದ್ದರೆ ಅಷ್ಟಿಲ್ಲ.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ

ಜಗಳ ಬೇಡ. ಸ್ವೀಕೃತಿ ಕೇಳಿ, ಕೊಡದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬಿಎನ್‌ಎಸ್‌ಎಸ್ ಕಲಂ 173(4) ಹೇಳುವ ಮೆಟ್ಟಿಲು ಇದು. ಅದಾದ ಮೇಲೂ ಏನೂ ಆಗದಿದ್ದರೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಕಲಂ 175(3)ರ ಅರ್ಜಿ. ಅರ್ಜಿಯ ಜೊತೆ ಪ್ರಮಾಣಪತ್ರ (ಅಫಿಡವಿಟ್) ಕಡ್ಡಾಯ, ಎಸ್‌ಪಿಗೆ ಕಳಿಸಿದ ದಾಖಲೆಯೂ ಬೇಕು. ಎಸ್‌ಪಿ ಮೆಟ್ಟಿಲನ್ನು ಹಾರಿ ನೇರ ಕೋರ್ಟಿಗೆ ಹೋದ ಅರ್ಜಿಗಳು ವಾಪಸ್ ಬರುತ್ತವೆ. ತನಿಖೆಯೇ ಬೇಡ, ಸಾಕ್ಷಿಗಳು ನಿಮ್ಮ ಕೈಯಲ್ಲೇ ಇದ್ದಾರೆ ಎಂದಾದರೆ ಕಲಂ 223ರ ಖಾಸಗಿ ದೂರು ಹಾಕಬಹುದು. ಈಗ ಆರೋಪಿಯ ಮಾತು ಕೇಳಿದ ಮೇಲೆಯೇ ಕೋರ್ಟು ಅದನ್ನು ವಿಚಾರಣೆಗೆ ಅಂಗೀಕರಿಸುತ್ತದೆ.

ಕೋರ್ಟು ಕೇಸನ್ನು ಅಂಗೀಕರಿಸುವುದಕ್ಕೂ ಕಾಲಮಿತಿ ಇದೆ. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಶಿಕ್ಷೆಗೆ ಒಂದು ವರ್ಷ, ಒಂದರಿಂದ ಮೂರು ವರ್ಷದ ಶಿಕ್ಷೆಗೆ ಮೂರು ವರ್ಷ. ಅದಕ್ಕಿಂತ ದೊಡ್ಡ ಅಪರಾಧಕ್ಕೆ ಮಿತಿ ಇಲ್ಲ.

ಬೇಲಿ ಜಗಳಕ್ಕೆ ಪೊಲೀಸರಿಂದ ಗಡಿ ಗುರುತು ಆಗುವುದಿಲ್ಲ. ಹದ್ದುಬಸ್ತು ಸರ್ವೆಗೆ ತಾಲ್ಲೂಕಿನಲ್ಲಿ ಅರ್ಜಿ ಹಾಕಬೇಕು, ಸ್ವಾಧೀನದ ತಕರಾರು ಸಿವಿಲ್ ಕೋರ್ಟಿಗೆ ಹೋಗಬೇಕು. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಜಗಳವಾದರೆ ಅರಣ್ಯ, ಕಂದಾಯ ಎರಡೂ ಇಲಾಖೆಯ ದಾಖಲೆ ಬೇಕಾಗುತ್ತದೆ. ಪೊಲೀಸರು ಎರಡೂ ಕಡೆಯವರ ಮೇಲೆ ಬಿಎನ್‌ಎಸ್‌ಎಸ್ ಕಲಂ 126ರ ವರದಿ ಹಾಕಿ (ಜನ ಇನ್ನೂ ‘107 ಹಾಕಿದ್ರು’ ಅನ್ನುತ್ತಾರೆ) ತಹಶೀಲ್ದಾರರ ಮುಂದೆ ಶಾಂತಿ ಪಾಲನೆಯ ಬಾಂಡು ಬರೆಸುವುದು ಸಾಮಾನ್ಯ. ಅದು ಶಿಕ್ಷೆಯಲ್ಲ, ಒಂದು ವರ್ಷ ಮೀರುವಂತಿಲ್ಲ. ಆದರೆ ಬಾಂಡು ಮುರಿದರೆ ಹಣ ಮುಟ್ಟುಗೋಲಾಗುತ್ತದೆ, ಆದ್ದರಿಂದ ಮೊತ್ತ, ಅವಧಿ ಓದಿಯೇ ಸಹಿ ಹಾಕಿ.

ಮಹಜರು, ಹೇಳಿಕೆ

ಪಂಚರಾಗಿ (ಮಹಜರಿಗೆ ಸಾಕ್ಷಿಯಾಗಿ) ಕರೆದರೆ ಜನ ‘ಎಲ್ಲಿ ಸಹಿ ಹಾಕ್ಬೇಕು’ ಎಂದು ಕೇಳಿ ಹಾಕಿಬಿಡುತ್ತಾರೆ. ಕೋರ್ಟಿನಲ್ಲಿ ‘ಠಾಣೆಯಲ್ಲಿ ಸಹಿ ಹಾಕಿದೆ, ಒಳಗೇನಿದೆ ಗೊತ್ತಿಲ್ಲ’ ಎನ್ನುತ್ತಾರೆ, ಜಪ್ತಿ ಅಲ್ಲಿಗೇ ಬೀಳುತ್ತದೆ. ಸ್ಥಳದಲ್ಲೇ ಓದಿಸಿಕೊಳ್ಳಿ. ಸಮಯ, ಜಪ್ತಾದ ವಸ್ತುವಿನ ಗುರುತು, ಅಂಟಿಸಿದ ಚೀಟಿಯ ಮೇಲೆ ನಿಮ್ಮ ಸಹಿ ಇವು ಸರಿ ಇವೆಯೇ ನೋಡಿ. ಶೋಧನೆ, ಜಪ್ತಿಯನ್ನು ಈಗ ಕಲಂ 105ರಂತೆ ವಿಡಿಯೋ ಚಿತ್ರೀಕರಿಸಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವ ನಿಯಮವೂ ಬಂದಿದೆ. ಹಾಗಾಗಿ ಗೋದಾಮಿನ ಬೀಗ, ಬಾಗಿಲು, ನೆಲ ಮುಟ್ಟದೆ ಬಿಡಿ. ಮನೆಗೆ ಬಂದ ನೆಂಟರಿಷ್ಟರು ಒಳಗೆ ಹೋಗಿ ನೋಡಿ ಬರುವಷ್ಟರಲ್ಲಿ ಹೆಜ್ಜೆ ಗುರುತೂ ಇರುವುದಿಲ್ಲ, ಬೆರಳಚ್ಚೂ ಇರುವುದಿಲ್ಲ.

ತನಿಖಾಧಿಕಾರಿ ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಬೇಡ, ಕಾನೂನೇ ಹಾಗೆ ಹೇಳುತ್ತದೆ. ಖಾಲಿ ಹಾಳೆಗೆ ಸಹಿ ಯಾವ ಕಾರಣಕ್ಕೂ ಬೇಡ. ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರನ್ನು ಸಾಕ್ಷಿ ವಿಚಾರಣೆಗೆ ಠಾಣೆಗೆ ಕರೆಸುವಂತಿಲ್ಲ, ಅವರ ಮನೆಗೇ ಬರಬೇಕು. ಪೊಲೀಸರ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಅದರಿಂದ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದ ಮಾತಷ್ಟೇ ಬರುತ್ತದೆ.

ಕದ್ದ ಅಡಿಕೆ ಸಿಕ್ಕಿ ಠಾಣೆಯಲ್ಲಿ ಬಿದ್ದಿದ್ದರೆ ಕಾಯಬೇಡಿ, ಮಳೆಗಾಲದ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಕಲಂ 497 ಅಥವಾ 503ರಡಿ ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಿ: ಫೋಟೋ, ತೂಕದ ಪಟ್ಟಿ, ಸ್ವಲ್ಪ ಮಾದರಿ ಇಟ್ಟುಕೊಂಡು ಬಾಂಡಿನ ಮೇಲೆ ಕೊಡುತ್ತಾರೆ. ಜಪ್ತಾದ ಬೈಕು, ಪಿಕಪ್‌ಗೂ ಇದೇ ದಾರಿ. ವಾಹನಗಳನ್ನು ಠಾಣೆ ಅಂಗಳದಲ್ಲಿ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಬಂಧನವಾದರೆ ಮೊದಲ 24 ಗಂಟೆ

ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಡಿವೈಎಸ್‌ಪಿ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ಬಂಧನ ಏಕೆ ಬೇಕು ಎಂದು ಕಾರಣ ಬರೆಯಬೇಕು, ಇಲ್ಲದಿದ್ದರೆ ಕಲಂ 35(3)ರ ಹಾಜರಾತಿ ನೋಟಿಸ್ ಕೊಡಬೇಕು. ಈ ನೋಟಿಸ್ ಬಂದಾಗ ಹೆದರಿ ಘಟ್ಟದ ಕೆಳಗಿನ ನೆಂಟರ ಮನೆ ಸೇರುವುದು ಅತಿ ದೊಡ್ಡ ತಪ್ಪು. ಹಾಜರಾಗುತ್ತಿರುವವರೆಗೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ; ತಪ್ಪಿಸಿಕೊಂಡರೆ ಬಂಧನಕ್ಕೆ ಕಾರಣವನ್ನು ನೀವೇ ಕೊಟ್ಟಂತೆ.

ಬಂಧಿಸಿದರೆ ಮನೆಯವರು ಮಾಡಬೇಕಾದದ್ದು ಇಷ್ಟು. ಯಾವ ಠಾಣೆ, ಯಾವ ಅಪರಾಧ ಸಂಖ್ಯೆ, ಯಾವ ಸಮಯಕ್ಕೆ ಕರೆದೊಯ್ದರು ಎಂದು ಬರೆದಿಟ್ಟುಕೊಳ್ಳಿ. ಬಂಧನ ಮೆಮೊದಲ್ಲಿ ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಇರಬೇಕು. ಸಹಿ ಹಾಕುವ ಮುನ್ನ ಅದರಲ್ಲಿ ನಮೂದಾದ ಸಮಯ ನಿಜವೇ ನೋಡಿ. ಬೆಳಿಗ್ಗೆ ಎಂಟಕ್ಕೆ ಕರೆದೊಯ್ದು ಸಂಜೆ ಆರಕ್ಕೆ ಬಂಧನ ಎಂದು ಬರೆದಿದ್ದರೆ ಸಹಿಯ ಪಕ್ಕದಲ್ಲಿ ನಿಜವಾದ ಸಮಯ ಬರೆಯಿರಿ. ಬಂಧನದ ಕಾರಣವನ್ನು ಬರಹದಲ್ಲಿ, ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಕೊಟ್ಟಿದ್ದಾರೆಯೇ ಎಂದು ಕೇಳಿ. ವೈದ್ಯರ ಬಳಿ ಒಯ್ದಾಗ ಪೆಟ್ಟಾಗಿದ್ದರೆ ಅಲ್ಲೇ ಹೇಳಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಇದೆ, ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಎರಡೂ ಬೇಕು.

24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತನ್ನು ಬಿಡುತ್ತಾರೆ, ಆದರೆ ಭಾನುವಾರ ಎಂಬುದು ನೆಪವಲ್ಲ. ರಜಾ ದಿನ ಮ್ಯಾಜಿಸ್ಟ್ರೇಟರ ಮನೆಯಲ್ಲೇ ಹಾಜರುಪಡಿಸುತ್ತಾರೆ. ಆ ಹೊತ್ತಿಗೆ ವಕೀಲರು ಇಲ್ಲದಿದ್ದರೆ ರಿಮ್ಯಾಂಡಿಗೆ (ಬಂಧನ ಮುಂದುವರಿಸುವ ಆದೇಶದ ಹಂತ) ಕಾನೂನು ನೆರವಿನ ವಕೀಲರನ್ನು ಕೇಳಿ. ಬಂಧನದಲ್ಲಿರುವವರು, ಹೆಂಗಸರು, ಪರಿಶಿಷ್ಟರು ಆದಾಯ ಎಷ್ಟಿದ್ದರೂ ಉಚಿತ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

ಜಾಮೀನು, ಪಹಣಿಯ ತೊಡಕು

ಜಾಮೀನು ಕೊಡಬಹುದಾದ ಅಪರಾಧವಾದರೆ ಜಾಮೀನು ಹಕ್ಕು, ಠಾಣೆಯಲ್ಲೇ ಆಗುತ್ತದೆ. ಜಾಮೀನುರಹಿತ ಎಂದರೆ ಜಾಮೀನೇ ಸಿಗದು ಎಂದಲ್ಲ, ಕೋರ್ಟಿನ ವಿವೇಚನೆ ಎಂದಷ್ಟೇ. ಮೊದಲು ಮ್ಯಾಜಿಸ್ಟ್ರೇಟ್, ಅಲ್ಲಿ ಆಗದಿದ್ದರೆ ಸೆಷನ್ಸ್ ಕೋರ್ಟ್, ಆಮೇಲೆ ಹೈಕೋರ್ಟ್. ಶಿವಮೊಗ್ಗದವರಿಗೆ ಹೈಕೋರ್ಟ್ ಎಂದರೆ ಬೆಂಗಳೂರಿನ ಪ್ರಧಾನ ಪೀಠ, ಧಾರವಾಡವಲ್ಲ. ಬಂಧನದ ಭಯ ಇದ್ದರೆ ಕಲಂ 482ರ ನಿರೀಕ್ಷಣಾ ಜಾಮೀನಿಗೆ ಸೆಷನ್ಸ್ ಅಥವಾ ಹೈಕೋರ್ಟ್. ಮ್ಯಾಜಿಸ್ಟ್ರೇಟರಿಗೆ ಆ ಅಧಿಕಾರವಿಲ್ಲ.

ಆದೇಶ ಬಂದ ಮೇಲೂ ಶಿವಮೊಗ್ಗದ ಸೋಗಾನೆ ಜೈಲಿನಿಂದ ಆಚೆ ಬರಲಾಗದೆ ದಿನ ಕಳೆಯುವವರಿದ್ದಾರೆ. ಕಾರಣ, ಶೂರಿಟಿ (ಜಾಮೀನು ನಿಲ್ಲುವವರು). ಕೋರ್ಟುಗಳು ಜಾಮೀನುದಾರರ ಪಹಣಿ, ಆಧಾರ್, ಫೋಟೋ ಕೇಳುತ್ತವೆ. ಪಹಣಿಯಲ್ಲಿ ಸಾಲದ ನಮೂದು ಇದ್ದರೆ ಬೆಲೆ ಕಡಿಮೆಯಾಗುತ್ತದೆ. ಬಗರ್‌ಹುಕುಂ ಜಮೀನಿನವರಿಗೆ, ಶರಾವತಿ ಮುಳುಗಡೆಯಿಂದ ಬಂದು ಇಂದಿಗೂ ಹಕ್ಕುಪತ್ರ ಸಿಗದ ಕುಟುಂಬಗಳಿಗೆ ಪಹಣಿ ಎಲ್ಲಿಂದ ಬರಬೇಕು? ಅವರ ನೆಂಟರದ್ದೂ ಅದೇ ಪರಿಸ್ಥಿತಿ. ಹೀಗಿದ್ದಾಗ ಕಲಂ 490ರಂತೆ ಶೂರಿಟಿ ಬದಲು ನಗದು ಠೇವಣಿಗೆ ಅವಕಾಶ ಕೇಳಬಹುದು. ಬಾಂಡಿನ ಮೊತ್ತ ವಿಪರೀತವಾಗಬಾರದು ಎಂದು ಕಲಂ 484 ಹೇಳುತ್ತದೆ, ಇಳಿಸಲು ಅರ್ಜಿ ಹಾಕಬಹುದು. ಆದೇಶವಾಗಿ ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು, ಸ್ಥಳೀಯ ಶೂರಿಟಿಯೇ ಬೇಕೆಂಬ ಷರತ್ತಿನಿಂದ ಬಿಡುಗಡೆ ತಡವಾಗುತ್ತಿದ್ದರೆ ಅಂಥ ಷರತ್ತು ಹಾಕದಿರಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶನ ಕೊಟ್ಟಿದೆ. ಜಾಮೀನು ಅರ್ಜಿಯ ಕೊನೆಯ ಪುಟದಲ್ಲೇ ಈ ಪರಿಸ್ಥಿತಿ ಬರೆದಿಟ್ಟರೆ ಎರಡನೇ ಅರ್ಜಿಯ ಓಡಾಟ ಉಳಿಯುತ್ತದೆ. ಶೂರಿಟಿ ನಿಲ್ಲುವವರಿಗೂ ಒಂದು ಮಾತು: ಆರೋಪಿ ತಪ್ಪಿಸಿಕೊಂಡರೆ ಹಣ ಕಟ್ಟಬೇಕಾದವರು ನೀವು. ಬೇಡವೆನಿಸಿದರೆ ಬಿಡುಗಡೆ ಕೋರಿ ಅರ್ಜಿ ಹಾಕಲು ಅವಕಾಶವಿದೆ.

ಚಾರ್ಜ್‌ಶೀಟ್ (ದೋಷಾರೋಪ ಪಟ್ಟಿ) ತಡವಾದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಕೇಸುಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ ಮುಗಿದರೂ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ಎಣಿಕೆ ಮೊದಲ ರಿಮ್ಯಾಂಡಿನ ದಿನದಿಂದ, ಆ ದಿನವೂ ಸೇರಿ. ಅರ್ಜಿ ಹಾಕದೆ ಸುಮ್ಮನಿದ್ದು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಹಕ್ಕು ಹೋಯಿತು. 61ನೇ ದಿನ ಬೆಳಿಗ್ಗೆ ಕೋರ್ಟು ತೆರೆಯುವ ಹೊತ್ತಿಗೆ ಅರ್ಜಿ ಸಿದ್ಧವಿರಬೇಕು.

ಅರಣ್ಯ ಇಲಾಖೆಯ ಕೇಸು

ಇದರ ದಾರಿ ಬೇರೆ. ಕರ್ನಾಟಕ ಅರಣ್ಯ ಕಾಯ್ದೆ 1963ರಡಿ ವಲಯ ಅರಣ್ಯಾಧಿಕಾರಿಯೇ ಕೇಸು ದಾಖಲಿಸಿ ತನಿಖೆ ಮಾಡುತ್ತಾರೆ, ಪೊಲೀಸ್ ಠಾಣೆಯಲ್ಲಿ ಹುಡುಕಿದರೆ ಸಿಗದು. ಮರ ಸಾಗಿಸಿದ ವಾಹನವನ್ನು ಹಿಡಿದರೆ ಕಲಂ 71-ಎ ಅಡಿ ಮುಟ್ಟುಗೋಲಿನ ನಡವಳಿ ಇಲಾಖೆಯ ಅಧಿಕೃತ ಅಧಿಕಾರಿಯ ಮುಂದೆ ನಡೆಯುತ್ತದೆ. ಮ್ಯಾಜಿಸ್ಟ್ರೇಟರ ಬಳಿ ವಾಹನ ಬಿಡಿಸಲು ಓಡಾಡಿ ತಿಂಗಳು ಕಳೆಯುವ ಮೊದಲು ಆ ಅಧಿಕೃತ ಅಧಿಕಾರಿಯಿಂದ ಬಂದ ನೋಟಿಸಿಗೆ ಉತ್ತರ ಕೊಡಿ. ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೂ ಮುಟ್ಟುಗೋಲು ತಾನಾಗಿ ರದ್ದಾಗುವುದಿಲ್ಲ. ಬಾಡಿಗೆಗೆ ಕೊಟ್ಟ ವಾಹನವಾದರೆ ನಿಮಗೆ ತಿಳಿಯದೆ ಬಳಕೆಯಾಗಿದೆ, ನೀವು ಎಚ್ಚರ ವಹಿಸಿದ್ದಿರಿ ಎಂದು ದಾಖಲೆ ಸಹಿತ ತೋರಿಸಬೇಕು.

ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಇರುವ ರಕ್ಷಣೆ ಅರಣ್ಯಾಧಿಕಾರಿಗಳ ಮುಂದೆ ಕೊಟ್ಟ ಹೇಳಿಕೆಗೂ ಸಿಗುತ್ತದೆಂದು ನಂಬಿ ಮಾತಾಡಬೇಡಿ. ಕಾಡುಹಂದಿ, ಜಿಂಕೆ ಬೇಟೆಯ ಕೇಸುಗಳಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಡಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಮೇಲಿನ ದರ್ಜೆಯವರು ಆರೋಪಿಯ ಎದುರಿನಲ್ಲಿ ದಾಖಲಿಸಿದ ಸಾಕ್ಷ್ಯ ಮುಂದೆ ವಿಚಾರಣೆಯಲ್ಲಿ ಬಳಕೆಯಾಗಬಹುದು. ಹೇಳಿಕೆಗೆ ಮುನ್ನ ವಕೀಲರೊಂದಿಗೆ ಮಾತಾಡಿ.

ಚಾರ್ಜ್‌ಶೀಟ್ ಆದ ಮೇಲೆ

ತನಿಖೆ ಮೂರು ಬಗೆಯಲ್ಲಿ ಮುಗಿಯುತ್ತದೆ: ಚಾರ್ಜ್‌ಶೀಟ್; ದೂರು ಸುಳ್ಳು, ತಪ್ಪು ತಿಳಿವಳಿಕೆ ಅಥವಾ ಸಿವಿಲ್ ಎಂಬ ಬಿ ರಿಪೋರ್ಟ್; ಪತ್ತೆಯಾಗಿಲ್ಲ ಎಂಬ ಸಿ ರಿಪೋರ್ಟ್. ಬಿ ರಿಪೋರ್ಟ್ ಒಪ್ಪುವ ಮೊದಲು ಕೋರ್ಟು ದೂರುದಾರರಿಗೆ ನೋಟಿಸ್ ಕೊಡಬೇಕು. ಅದು ಬಂದಾಗ ಸುಮ್ಮನೆ ಕೂತರೆ ಕೇಸು ಮುಚ್ಚುತ್ತದೆ. ತನಿಖೆಯಲ್ಲಿ ಯಾರನ್ನು ಕೇಳಿಲ್ಲ, ಯಾವ ದಾಖಲೆ ತೆಗೆದುಕೊಂಡಿಲ್ಲ ಎಂದು ನಿರ್ದಿಷ್ಟವಾಗಿ ಬರೆದು ತಕರಾರು ಅರ್ಜಿ ಹಾಕಿ. ಸಿ ರಿಪೋರ್ಟ್ ಆದ ಅಡಿಕೆ ಕಳವಿನಲ್ಲಿ ಮುಂದೆ ಕಳ್ಳ ಬೇರೆ ಕೇಸಿನಲ್ಲಿ ಸಿಕ್ಕರೆ ಮತ್ತೆ ತೆರೆಯಬಹುದು, ಚೀಲದ ಗುರುತಿನ ವಿವರ ಆಗ ಕೆಲಸಕ್ಕೆ ಬರುತ್ತದೆ. ದೂರುದಾರರಿಗೆ 90 ದಿನದೊಳಗೆ ತನಿಖೆಯ ಪ್ರಗತಿ ತಿಳಿಸಬೇಕೆಂಬುದು ಹೊಸ ನಿಯಮ.

ಆರೋಪಿಗೆ ಎಲ್ಲ ಕಾಗದಗಳ ಪ್ರತಿ ಉಚಿತವಾಗಿ ಸಿಗಬೇಕು. ವಕೀಲರನ್ನು ಇಟ್ಟುಕೊಂಡ ನೊಂದವರಿಗೂ ಸಿಗುತ್ತದೆ. ಪ್ರತಿ ಪಡೆದ 60 ದಿನದೊಳಗೆ ಆರೋಪದಿಂದ ಬಿಡುಗಡೆ ಕೋರುವ ಅರ್ಜಿ ಹಾಕಬೇಕು. ವಾಯ್ದೆಗಳನ್ನು (ಕೋರ್ಟಿನ ದಿನಾಂಕ) ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಕೇಸಿನ ಗುರುತಾದ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಿಕೊಳ್ಳಿ. ಹಾಜರಾಗದೆ ವಾರಂಟ್ ಹೊರಟರೆ, ಪೊಲೀಸರು ಬರುವ ಮೊದಲೇ ಹೋಗಿ ಕಾರಣ ಹೇಳಿ ಹಿಂಪಡೆಯುವ ಅರ್ಜಿ ಹಾಕುವುದು ಸುಲಭ.

ರಾಜಿ ಮಾಡಿಕೊಳ್ಳುವುದಾದರೆ ಠಾಣೆಯಲ್ಲಿ ಬರೆದ ಮುಚ್ಚಳಿಕೆಯಿಂದ ಕೇಸು ಮುಗಿಯುವುದಿಲ್ಲ. 115(2), 126(2)ರಂಥ ಸಣ್ಣ ಅಪರಾಧಗಳನ್ನು ಕೋರ್ಟಿನ ಮುಂದೆ ರಾಜಿ ಮಾಡಿಕೊಳ್ಳಬಹುದು, ಲೋಕ ಅದಾಲತ್‌ನಲ್ಲಿಯೂ ಆಗುತ್ತದೆ. ಕೊಲೆ ಯತ್ನದಂಥವು ರಾಜಿಗೆ ಬರುವುದಿಲ್ಲ. ಊರಿನ ಪಂಚಾಯಿತಿ ಕಟ್ಟೆಯಲ್ಲಿ ಹಣ ತೆಗೆದುಕೊಂಡು, ಕೋರ್ಟಿನಲ್ಲಿ ಸಾಕ್ಷಿ ಉಲ್ಟಾ ಹೊಡೆಯುವ ರೂಢಿ ಅಪಾಯದ್ದು: ಪ್ರಮಾಣ ಮಾಡಿ ಸುಳ್ಳು ಹೇಳಿದ ಕೇಸು ಸಾಕ್ಷಿಯ ತಲೆಗೇ ಬರುತ್ತದೆ.

ಶಿಕ್ಷೆಯಾದರೆ ತೀರ್ಪಿನ ಪ್ರತಿ ಅದೇ ದಿನ ಉಚಿತವಾಗಿ ಕೊಡಬೇಕು. ಜಾಮೀನಿನಲ್ಲಿದ್ದವರಿಗೆ ಮೂರು ವರ್ಷ ಮೀರದ ಶಿಕ್ಷೆಯಾದರೆ, ಮೇಲ್ಮನವಿಗೆ ಹೋಗುತ್ತೇವೆಂದು ಅಲ್ಲೇ ತಿಳಿಸಿದರೆ ತೀರ್ಪು ಕೊಟ್ಟ ಕೋರ್ಟೇ ಶಿಕ್ಷೆಯನ್ನು ತಡೆದು ಜಾಮೀನು ಮುಂದುವರಿಸುತ್ತದೆ. ಆದ್ದರಿಂದ ತೀರ್ಪಿನ ದಿನ ಶೂರಿಟಿಗಳನ್ನು ಪಹಣಿ ಸಮೇತ ಕೋರ್ಟಿಗೆ ಕರೆದುಕೊಂಡೇ ಹೋಗಿ. ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ, ಹೈಕೋರ್ಟಿಗೆ 60 ದಿನ ಅವಕಾಶವಿದೆ. ಆರೋಪಿ ಖುಲಾಸೆಯಾದರೆ ನೊಂದವರೂ ಕಲಂ 413ರಡಿ ಮೇಲ್ಮನವಿ ಹಾಕಬಹುದು.